ಕೊಳವೆ ಅನಿಮೋನಿ ಮತ್ತು ಮೀನು: ಒಂದೇ ಟ್ಯಾಂಕಿನಲ್ಲಿ ಬಾಳಿಸುವುದು ಹೇಗೆ

ಕೊಳವೆ ಅನಿಮೋನಿ ಎಂದರೆ ಮರಳಿನಲ್ಲಿ ಕೊಳವೆ ಕಟ್ಟಿಕೊಂಡು, ಕುಟುಕುವ ಎಳೆಗಳಿಂದ ಬೇಟೆ ಹಿಡಿಯುವ ಮೆದುಮೈಯ ಕಡಲ ಪ್ರಾಣಿ. ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಅದು ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮರಳಿನಲ್ಲಿ ಮೈಯನ್ನು ಪೂರ್ತಿ ಇಳಿಸಿಕೊಳ್ಳುವಷ್ಟು ಆಳ ಸಿಕ್ಕಿರುವುದಿಲ್ಲ. ಇಲ್ಲವೇ ತಿಂಗಳುಗಟ್ಟಲೆ ಹೊಟ್ಟೆ ತುಂಬಿರುವುದಿಲ್ಲ. ಅದರ ಜೊತೆಗಿದ್ದ ಮೀನು ಸಾಯುವ ಕಾರಣ ಇನ್ನೂ ಸರಳ: ರಾತ್ರಿ ಅದು ಮಲಗುತ್ತಿದ್ದ ಜಾಗ ಅನಿಮೋನಿಗೆ ಎಟುಕುವಂತಿತ್ತು. ಹಗಲೆಲ್ಲ ನೆಮ್ಮದಿಯಾಗಿ ಕಾಣುವ ಟ್ಯಾಂಕಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಮೀನು ಕಡಿಮೆಯಾಗುವುದು ಹೀಗೆ. ಮೀನಿನ ಜೊತೆ ಈ ಪ್ರಾಣಿಯನ್ನು ಇಡಬಹುದೇ ಎಂದು ಕೇಳಿದರೆ, ಇಡಬಹುದು. ಆದರೆ ಟ್ಯಾಂಕನ್ನು ಅದಕ್ಕೆಂದೇ ಕಟ್ಟಬೇಕು. ಈಗಾಗಲೇ ತುಂಬಿರುವ ಟ್ಯಾಂಕಿನ ಮೂಲೆಯಲ್ಲಿ ಒಂದಿಷ್ಟು ಜಾಗ ಮಾಡಿಕೊಟ್ಟರೆ ಸಾಲದು.

ಹೆಸರು ಅನಿಮೋನಿ, ಮೈಕಟ್ಟು ಬೇರೆ

ಬಂಡೆಗೆ ಅಂಟಿಕೊಳ್ಳುವ ಸಾಮಾನ್ಯ ಕಡಲ ಅನಿಮೋನಿಗಳು ಆಕ್ಟಿನಿಯಾರಿಯಾ ಎಂಬ ಗುಂಪಿನವು. ಕೊಳವೆ ಅನಿಮೋನಿಗಳದು ಸೆರಿಯಾಂಥೇರಿಯಾ ಎಂಬ ಬೇರೆಯೇ ಗುಂಪು. ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಸೆರಿಯಾಂಥಸ್ ಅಥವಾ ಪ್ಯಾಕಿಸೆರಿಯಾಂಥಸ್ ಕುಲದ ಜಾತಿಗಳು. ಎರಡು ಗುಂಪುಗಳ ನಡುವಿನ ಅಂತರ ತಿಳಿದರೆ ಸಾಕಣೆಯ ಅರ್ಧ ಕೆಲಸ ತಾನಾಗಿ ಅರ್ಥವಾಗುತ್ತದೆ.

ಸಾಮಾನ್ಯ ಅನಿಮೋನಿಗೆ ಬುಡದಲ್ಲಿ ಚಪ್ಪಟೆ ಪಾದವಿದೆ. ಅದರಿಂದ ಬಂಡೆಯನ್ನೋ ಗಾಜನ್ನೋ ಹಿಡಿದುಕೊಳ್ಳುತ್ತದೆ, ಬೇಕೆನಿಸಿದಾಗ ಜಾರಿಕೊಂಡು ಬೇರೆ ಕಡೆಗೆ ಹೋಗುತ್ತದೆ. ಕೊಳವೆ ಅನಿಮೋನಿಗೆ ಆ ಪಾದವಿಲ್ಲ. ಬುಡ ಮೊನಚಾಗಿ ಮೂಲಂಗಿಯ ತುದಿಯಂತಿರುತ್ತದೆ. ಹಿಡಿದುಕೊಳ್ಳಲು ಬಾರದು, ಮರಳಿಗೆ ತೂರಿಕೊಳ್ಳಲು ಮಾತ್ರ ಬರುತ್ತದೆ. ಬಾಯಿಯ ಸುತ್ತ ಎಳೆಗಳ ಎರಡು ಸುತ್ತುಗಳಿವೆ. ಹೊರಸುತ್ತಿನ ಉದ್ದ ಎಳೆಗಳು ಬೇಟೆ ಹಿಡಿಯುತ್ತವೆ, ಒಳಸುತ್ತಿನ ಚಿಕ್ಕ ಎಳೆಗಳು ಅದನ್ನು ಬಾಯಿಗೆ ದಾಟಿಸುತ್ತವೆ. ಅಂಗಡಿಯಲ್ಲಿ ಗುರುತು ಹಿಡಿಯಲು ಈ ಎರಡು ಸುತ್ತೇ ಸಾಕು.

ಎಳೆಗಳನ್ನು ಸಾಮಾನ್ಯ ಅನಿಮೋನಿಯಂತೆ ಮೈಯೊಳಗೆ ಎಳೆದುಕೊಂಡು ಮುಚ್ಚಿಕೊಳ್ಳುವುದು ಇದಕ್ಕಾಗದು. ಅದರ ಬದಲು ಮೈಯುದ್ದಕ್ಕೂ ಇರುವ ಬಲವಾದ ಸ್ನಾಯುಗಳನ್ನು ಸೆಳೆದು, ಇಡೀ ದೇಹವನ್ನೇ ಒಂದೇ ಎಳೆತಕ್ಕೆ ಕೊಳವೆಯೊಳಗೆ ಇಳಿಸಿಬಿಡುತ್ತದೆ. ಕೊಳವೆ ಇಲ್ಲದ ಅನಿಮೋನಿಗೆ ಬಚ್ಚಿಟ್ಟುಕೊಳ್ಳುವ ದಾರಿಯೇ ಇಲ್ಲ ಎಂಬುದನ್ನು ನೆನಪಿಡಿ.

ಆ ಕೊಳವೆ ಹುಟ್ಟುವ ಬಗೆ ಈ ಪ್ರಾಣಿಯ ಬಗ್ಗೆ ಅತ್ಯಂತ ಸೊಗಸಾದ ಸಂಗತಿ. ಕುಟುಕುವ ಕಣಗಳು ಅನಿಮೋನಿ, ಹವಳಗಳ ಬಳಗದ ಎಲ್ಲಕ್ಕೂ ಇವೆ. ಮುಟ್ಟಿದಾಗ ಒಳಗೆ ಸುರುಳಿಯಾಗಿದ್ದ ದಾರ ಚಿಮ್ಮಿ ಚುಚ್ಚುತ್ತದೆ. ಕೊಳವೆ ಅನಿಮೋನಿಗೆ ಇದರ ಜೊತೆಗೆ ಟೈಕೋಸಿಸ್ಟ್ ಎಂಬ ಇನ್ನೊಂದು ಬಗೆಯ ಕಣವೂ ಇದೆ. ಅದರೊಳಗಿನ ದಾರ ಸುರುಳಿಯಾಗಿರದೆ ನೆರಿಗೆ ನೆರಿಗೆಯಾಗಿ ಮಡಚಿಕೊಂಡಿರುತ್ತದೆ. ಅದಕ್ಕೆ ಮುಳ್ಳಿಲ್ಲ, ಅದು ಚುಚ್ಚುವುದೂ ಇಲ್ಲ. ಇಂಥ ಲೆಕ್ಕವಿಲ್ಲದಷ್ಟು ದಾರಗಳು ಹೊರಬಂದು ಒಂದಕ್ಕೊಂದು ಹೆಣೆದು, ಲೋಳೆ ಮತ್ತು ಮರಳಿನ ಕಣ ಸೇರಿ, ಚರ್ಮದಂತೆ ಗಟ್ಟಿಯಾದ ಬೂದು ಕೊಳವೆಯಾಗುತ್ತದೆ. ಕಡಲಲ್ಲಿ ಕೆಲವು ಜಾತಿಗಳ ಕೊಳವೆ ಒಂದು ಮೀಟರಿಗೂ ಮೀರುತ್ತದೆ. ಈ ಗುಂಪು ಎಷ್ಟು ಬೇರೆ ಎಂಬುದಕ್ಕೆ ಇನ್ನೊಂದು ಮಾತು: ಐಸರಾಕ್ನಾಂಥಸ್ ನಾಕ್ಟರ್ನಸ್ ಎಂಬ ಕೊಳವೆ ಅನಿಮೋನಿಯ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ 80,923 ಅಕ್ಷರಗಳಷ್ಟು ಉದ್ದವೆಂದು 2019ರಲ್ಲಿ ಪ್ರಕಟವಾಯಿತು. ಮನುಷ್ಯನದು 16,569.

ಸಾಕುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಭೇದ ಆಹಾರದ್ದು. ಕ್ಲೌನ್‌ಫಿಶ್ ಇರುವ ದೊಡ್ಡ ಅನಿಮೋನಿಗಳ ಮೈಯಲ್ಲಿ ಝೂಝಾಂಥೆಲ್ಲಾ ಎಂಬ ಪಾಚಿಗಳಿದ್ದು, ಬೆಳಕಿನಿಂದ ಅವು ಮಾಡುವ ಸಕ್ಕರೆಯಲ್ಲಿ ಅನಿಮೋನಿಗೂ ಪಾಲು ಸಿಗುತ್ತದೆ. ಕೊಳವೆ ಅನಿಮೋನಿಯಲ್ಲಿ ಆ ಪಾಚಿ ಇಲ್ಲ. ಎಷ್ಟೇ ದುಬಾರಿ ದೀಪ ಹಾಕಿದರೂ ಅದರ ಹೊಟ್ಟೆಗೆ ಏನೂ ಹೋಗುವುದಿಲ್ಲ. ನೀಲಿ ಎಲ್‌ಇಡಿಯಲ್ಲಿ ಅದರ ನೇರಳೆ, ಹಸಿರು, ಕಿತ್ತಳೆ ಬಣ್ಣಗಳು ಹೊಳೆಯುತ್ತವೆ, ನಿಜ. ಆ ಹೊಳಪನ್ನು ಆರೋಗ್ಯವೆಂದು ಓದಬಾರದು. ಹಸಿದು ಕುಗ್ಗುತ್ತಿರುವ ಅನಿಮೋನಿಯೂ ಹಾಗೆಯೇ ಹೊಳೆಯುತ್ತದೆ.

ಆಳ ಎಂದರೆ ಎಷ್ಟು ಆಳ

ಮಧ್ಯಮ ಗಾತ್ರದ ಪ್ರಾಣಿಗೆ ಕನಿಷ್ಠ 15 ಸೆಂ.ಮೀ. ಆಳದ ಮರಳು ಬೇಕು, 20 ಇದ್ದರೆ ಒಳ್ಳೆಯದು. ಕಾಳು ಅರ್ಧದಿಂದ ಒಂದು ಮಿ.ಮೀ. ಒಳಗಿರಲಿ. ಚೂಪು ಅಂಚಿನ ಹವಳದ ಚೂರುಗಳು ಬೇಡ. ಕೊಳವೆ ಇನ್ನೂ ತೆಳುವಾಗಿದ್ದಾಗ ಅವು ಬುಡವನ್ನು ಕೊಯ್ಯುತ್ತವೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಟ್ಯಾಂಕಿನ ತಳ 90 ಸೆಂ.ಮೀ. ಉದ್ದ, 45 ಅಗಲ ಇದ್ದರೆ, 15 ಸೆಂ.ಮೀ. ಆಳಕ್ಕೆ ಸುಮಾರು 61 ಲೀಟರ್ ಮರಳು ಬೇಕು. ಒಣ ಅರಗೊನೈಟ್ (ಸುಣ್ಣದ ಅಂಶವುಳ್ಳ) ಮರಳು ಲೀಟರಿಗೆ ಒಂದೂವರೆ ಕೆಜಿ ಎಂದು ಹಿಡಿದರೂ 90 ಕೆಜಿ ದಾಟುತ್ತದೆ. ಖರ್ಚು ಮತ್ತು ಸ್ಟ್ಯಾಂಡಿನ ಮೇಲಿನ ಭಾರದ ಜೊತೆ ಇನ್ನೊಂದು ತೊಡಕೂ ಇದೆ. ಅಷ್ಟು ಆಳದ ಮರಳಿನ ಕೆಳಪದರಕ್ಕೆ ಆಮ್ಲಜನಕ ತಲುಪದೆ, ಅಲ್ಲಿ ಕೊಳೆ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೆದಕದೆ ಬಿಟ್ಟರೆ ಅದು ತೊಂದರೆ ಕೊಡದು. ಆದರೆ ಅನಿಮೋನಿಯನ್ನು ಎಂದೋ ಒಮ್ಮೆ ಅಗೆದು ತೆಗೆಯಬೇಕಾಗಿ ಬಂದಾಗ ಆ ಕಪ್ಪು ಪದರವೆಲ್ಲ ನೀರಿಗೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದ ಹೊತ್ತಿಗೆ ಮೀನುಗಳು ಏದುಸಿರು ಬಿಡುತ್ತಿರುತ್ತವೆ.

ಹಾಗಾಗಿ ಮನೆಯ ಟ್ಯಾಂಕಿಗೆ ಪಿವಿಸಿ ಪೈಪಿನ ದಾರಿಯೇ ಉತ್ತಮ. ಪ್ರಾಣಿಯ ಮೈ ಎಷ್ಟು ದಪ್ಪವಿದೆಯೋ ಅದರ ಎರಡರಷ್ಟು ಒಳವ್ಯಾಸದ ಪೈಪ್ ತೆಗೆದುಕೊಳ್ಳಿ. ಹೆಬ್ಬೆರಳಿಗಿಂತ ತುಸು ದಪ್ಪ ಮೈಗೆ 6 ಸೆಂ.ಮೀ. ಒಳವ್ಯಾಸ ಸರಿಹೋಗುತ್ತದೆ. ಉದ್ದ ಒಟ್ಟು 25ರಿಂದ 30 ಸೆಂ.ಮೀ. ಇರಲಿ. ನೇರ ಪೈಪನ್ನು ನಿಲ್ಲಿಸಿದರೆ ಕಂಬದಂತೆ ಎದ್ದು ಕಾಣುತ್ತದೆ. ಅದಕ್ಕಾಗಿ ಒಂದು ಎಲ್ಬೋ (ಬಾಗಿದ ಜೋಡಣೆ) ಹಾಕಿ ಎರಡು ತುಂಡು ಮಾಡುವುದು ರೂಢಿ: ಉದ್ದನೆಯ ತುಂಡು ತಳದಲ್ಲಿ ಮಲಗಿರುತ್ತದೆ, ಗಿಡ್ಡ ತುಂಡು ಮೇಲಕ್ಕೆ ಬಾಯಿ ತೆರೆದು ನಿಲ್ಲುತ್ತದೆ. ಕಡಲಲ್ಲಿಯೂ ಕಲ್ಲು ಅಡ್ಡ ಬಂದಾಗ ಕೊಳವೆ ಬಾಗಿ ಹೋಗುವುದುಂಟು, ಆದ್ದರಿಂದ ತಿರುವು ಪ್ರಾಣಿಗೆ ಹೊಸದಲ್ಲ. ಕತ್ತರಿಸಿದ ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಅಂಟು ಹಾಕದೆ ಒತ್ತಿ ಕೂರಿಸಿ. ಪೈಪಿನ ಮೈಗೆ ಅಲ್ಲಲ್ಲಿ 4-5 ಮಿ.ಮೀ. ತೂತು ಕೊರೆದರೆ ಒಳಗಿನ ನೀರು ಕೆಡುವುದಿಲ್ಲ. ಕೆಳತುದಿಗೆ ನೈಲಾನ್ ಜಾಲರಿ ಕಟ್ಟಿ. ಇಲ್ಲದಿದ್ದರೆ ಅದು ಆ ಕಡೆಯಿಂದ ಹೊರಬಿದ್ದು ಬಂಡೆಯ ಅಡಿಗೆ ಸೇರಿಕೊಳ್ಳುತ್ತದೆ. ಪೈಪಿನೊಳಗೆ ಮುಕ್ಕಾಲು ಭಾಗ ಮರಳು ತುಂಬಿ, ಮಲಗಿದ ತುಂಡು ಮುಚ್ಚುವಷ್ಟು ಮರಳನ್ನು ಆ ಬದಿಗೆ ದಿಬ್ಬದಂತೆ ಏರಿಸಿ. ಬಾಯಿ ಮರಳಿನ ಮೇಲೆ ಎರಡು ಮೂರು ಸೆಂ.ಮೀ. ಕಾಣುತ್ತಿರಲಿ. ಟ್ಯಾಂಕಿನ ಉಳಿದ ತಳಕ್ಕೆ 3 ಸೆಂ.ಮೀ. ಮರಳು ಸಾಕು. ಮುಂದೆ ಟ್ಯಾಂಕ್ ಬದಲಿಸುವಾಗ ಪೈಪಿನ ಸಮೇತ ಎತ್ತಿಕೊಂಡು ಹೋಗಬಹುದು.

ಬಂಡೆಗಳನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಬಂಡೆ ಗಾಜಿನ ತಳದ ಮೇಲೆ ಕೂರಬೇಕು, ಆಮೇಲೆ ಮರಳು. ಅನಿಮೋನಿ ಮರಳನ್ನು ತಳ್ಳಿಕೊಂಡು ಹೊಸ ಕೊಳವೆ ಕಟ್ಟುವಾಗ ಮರಳಿನ ಮೇಲಿದ್ದ ಬಂಡೆ ಜಾರಿ ಅದರ ಮೇಲೆಯೇ ಕುಸಿಯಬಹುದು.

ಟ್ಯಾಂಕಿನ ನಕ್ಷೆ

ಎಳೆಗಳನ್ನು ಪೂರ್ತಿ ಬಿಚ್ಚಿದ ದೊಡ್ಡ ಪ್ರಾಣಿ 30 ಸೆಂ.ಮೀ. ಅಗಲದ ವೃತ್ತವನ್ನು ಸುಲಭವಾಗಿ ತುಂಬುತ್ತದೆ. ನೀರಿನ ಸೆಳೆತಕ್ಕೆ ಎಳೆಗಳು ಒಂದು ಕಡೆಗೆ ವಾಲಿದರೆ ಇನ್ನಷ್ಟು ದೂರ ಎಟುಕುತ್ತವೆ. ಹೀಗಾಗಿ 200 ಲೀಟರಿಗಿಂತ ಚಿಕ್ಕ ಟ್ಯಾಂಕಿನಲ್ಲಿ ಮೀನಿನ ಜೊತೆ ಇಡುವ ಯೋಚನೆ ಬೇಡ. 90×45 ತಳದ ಟ್ಯಾಂಕನ್ನೇ ತೆಗೆದುಕೊಂಡರೆ, ಪೈಪಿನ ಬಾಯಿ ಒಂದು ಬದಿಯ ಗಾಜಿನಿಂದ ಸುಮಾರು 22 ಸೆಂ.ಮೀ. ದೂರದಲ್ಲಿರಲಿ, ಬಂಡೆಗಳೆಲ್ಲ ಎದುರು ಬದಿಯಲ್ಲಿರಲಿ. ಬಾಯಿಗೂ ಮೀನು ಹೊಕ್ಕು ಮಲಗುವ ಮೊದಲ ಸಂದಿಗೂ ನಡುವೆ 35-40 ಸೆಂ.ಮೀ. ಬರಿಯ ಮರಳು ಸಿಗುತ್ತದೆ. ಈ ಬಯಲೇ ಮೀನಿಗೂ ಅನಿಮೋನಿಗೂ ನಡುವಿನ ಒಪ್ಪಂದ. ಅಲ್ಲಿ ಅಲಂಕಾರಕ್ಕೆಂದು ಒಂದು ಕಲ್ಲು ಇಟ್ಟರೆ, ಅದರ ಹಿಂದೆ ಯಾವುದಾದರೂ ಮೀನು ಮಲಗಲು ಬಂದೇ ಬರುತ್ತದೆ. ಹವಳಗಳನ್ನೂ ಈ ಗಡಿಯ ಆಚೆಗೇ ಇಡಬೇಕು. ಎಳೆ ಪದೇಪದೇ ತಾಗಿದ ಕಡೆ ಹವಳದ ಮಾಂಸ ಸುಟ್ಟಂತೆ ಕಿತ್ತುಬರುತ್ತದೆ.

ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರಿಗೆ ಸೆಳೆತ ಕೊಡುವ ಪಂಪಿನ) ಧಾರೆ ನೇರವಾಗಿ ಅದರ ಮೇಲೆ ಬೀಳಬಾರದು. ಎಳೆಗಳು ಗಾಳಿಗೆ ತೂಗುವ ಹುಲ್ಲಿನಂತೆ ಅತ್ತಿತ್ತ ಆಡುತ್ತಿದ್ದರೆ ಸೆಳೆತ ಸರಿಯಾಗಿದೆ. ಎಲ್ಲವೂ ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿದ್ದರೆ ಜೋರಾಯಿತು. ಪಂಪಿನ ಬಾಯಿಗಳಿಗೆಲ್ಲ ಸ್ಪಂಜು ಅಥವಾ ಜಾಲರಿ ಹಾಕಿರಿ. ಒಗ್ಗದ ಅನಿಮೋನಿ ಕೊಳವೆ ಬಿಟ್ಟು ಹೊರಬಂದು ನೀರಿನಲ್ಲಿ ತೇಲುವುದುಂಟು. ಆಗ ಅದು ಪಂಪಿಗೆ ಸಿಕ್ಕಿದರೆ ಇಡೀ ಟ್ಯಾಂಕೇ ಹಾಳಾಗುತ್ತದೆ.

ನೀರಿನ ಅಳತೆಗಳಲ್ಲಿ ವಿಶೇಷವೇನಿಲ್ಲ: ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.025-1.026, ಉಷ್ಣವಲಯದ ಜಾತಿಗಳಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4, ಅಮೋನಿಯಾ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಒಳಗೆ. ಅಸ್ಥಿಪಂಜರವಿಲ್ಲದ ಕಾರಣ ಹವಳಗಳಿಗೆ ಕೊಡುವಂತೆ ಕ್ಯಾಲ್ಸಿಯಂ ಸುರಿಯುವ ಅಗತ್ಯವಿಲ್ಲ. ಆವಿಯಾದ ನೀರನ್ನು ದಿನವೂ ಆರ್‌ಓ ನೀರಿನಿಂದ ತುಂಬಿಸಬೇಕು, ಉಪ್ಪುನೀರಿನಿಂದಲ್ಲ. ಮಾಂಸದ ಆಹಾರ ಹೆಚ್ಚು ಬೀಳುವ ಟ್ಯಾಂಕ್ ಇದು. ಆದ್ದರಿಂದ ಟ್ಯಾಂಕಿನ ನೀರಿನ ಎರಡರಷ್ಟಕ್ಕೆ ಸಾಲುವ ಪ್ರೊಟೀನ್ ಸ್ಕಿಮ್ಮರ್ (ಕರಗಿದ ಕೊಳೆಯನ್ನು ನೊರೆಯ ಜೊತೆ ಹೊರತೆಗೆಯುವ ಯಂತ್ರ) ಇರಲಿ, ವಾರಕ್ಕೆ 10ರಿಂದ 15 ಶೇಕಡ ನೀರು ಬದಲಾಗಲಿ.

ಯಾರು ಮೊದಲು ಬರಬೇಕು

ಹೊಸ ಟ್ಯಾಂಕಿಗೆ ಅನಿಮೋನಿ ತರಬಾರದು. ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸುವ ಚಕ್ರ ನೆಲೆಗೊಂಡು, ಅಳತೆಗಳು ಏರಿಳಿಯದೆ ಆರು ತಿಂಗಳು ಕಳೆದಿರಬೇಕು. ಈ ಅವಧಿಯಲ್ಲಿ ಮೀನುಗಳನ್ನು ಬಿಡಬಹುದು, ಬಿಡಬೇಕು ಕೂಡ. ಬಂಡೆಗಳಲ್ಲಿ ಯಾವ ಸಂದಿ ಯಾರದು ಎಂಬುದು ಮೀನುಗಳಲ್ಲಿ ಎರಡು ಮೂರು ವಾರದಲ್ಲಿ ತೀರ್ಮಾನವಾಗುತ್ತದೆ, ಆಮೇಲೆ ರಾತ್ರಿ ಪ್ರತಿ ಮೀನು ತನ್ನ ಸಂದಿಗೇ ಹೋಗುತ್ತದೆ. ಮಲಗುವ ಜಾಗ ಗೊತ್ತಿರುವ ಮೀನುಗಳ ನಡುವೆ ಅನಿಮೋನಿ ಬಂದರೆ ಅಪಾಯ ಕಡಿಮೆ. ತಿರುಗಾಮುರುಗಾ ಮಾಡಿದರೆ, ಹೊಸಬನಾಗಿ ಬಂದ ಮೀನು ಹಳಬರ ಕಾಟಕ್ಕೆ ದಿಕ್ಕೆಟ್ಟು ಓಡುವಾಗ ಖಾಲಿ ಬಯಲು ಕಂಡು ನೇರ ಎಳೆಗಳಿಗೇ ನುಗ್ಗುತ್ತದೆ. ಅನಿಮೋನಿ ಬಂದ ನಂತರವೂ ಮೀನು ಸೇರಿಸಬೇಕೆಂದಿದ್ದರೆ, ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಮೂರರಿಂದ ಐದು ದಿನ ಅದೇ ಟ್ಯಾಂಕಿನಲ್ಲಿ ಇಟ್ಟು, ಹಳಬರ ಕೋಪ ತಣಿದ ಮೇಲೆ ಬಿಡಿ.

ಮೀನುಗಳನ್ನು ಟ್ಯಾಂಕಿಗೆ ಬಿಡುವ ಮೊದಲು ಬೇರೆ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಇಟ್ಟು ನೋಡುವುದು ಇಲ್ಲಿ ಐಚ್ಛಿಕವಲ್ಲ. ಪರೋಪಜೀವಿಯಿಂದ ಮೀನಿಗೆ ಬರುವ ಬಿಳಿಚುಕ್ಕೆ ರೋಗದ ಎರಡು ಖಚಿತ ಮದ್ದುಗಳಾದ ತಾಮ್ರ ಮತ್ತು ಉಪ್ಪಿನಂಶ ಇಳಿಸುವುದು, ಎರಡೂ ಅನಿಮೋನಿಯನ್ನು ಕೊಲ್ಲುತ್ತವೆ. ರೋಗ ಕಾಣಿಸಿದರೆ ಎಲ್ಲ ಮೀನುಗಳನ್ನೂ ಹೊರತೆಗೆದು ಬೇರೆಡೆ ಚಿಕಿತ್ಸೆ ಕೊಟ್ಟು, ಮುಖ್ಯ ಟ್ಯಾಂಕನ್ನು ಮೀನಿಲ್ಲದೆ 76 ದಿನ ಬಿಡುವುದು ವಾಡಿಕೆ. ಮೀನು ಸಿಗದೆ ಪರೋಪಜೀವಿ ಅಷ್ಟರಲ್ಲಿ ಸಾಯುತ್ತದೆ. ಆ ದಿನಗಳಲ್ಲಿ ಅನಿಮೋನಿ ಹಾಯಾಗಿರುತ್ತದೆ. ತಾಮ್ರ ಕಂಡ ಹಳೆಯ ಟ್ಯಾಂಕಿನ ಮರಳು, ಬಂಡೆಗಳನ್ನು ಪುಕ್ಕಟೆ ಸಿಕ್ಕರೂ ತರಬೇಡಿ. ಸುಣ್ಣದ ಅಂಶವುಳ್ಳ ವಸ್ತುಗಳು ತಾಮ್ರವನ್ನು ಹೀರಿಟ್ಟುಕೊಂಡು ನಿಧಾನವಾಗಿ ನೀರಿಗೆ ಬಿಡುತ್ತವೆ.

ಆರಿಸುವುದು, ತರುವುದು, ಇಳಿಸುವುದು

ಇವುಗಳ ಮರಿಗಳು ಕಡಲಲ್ಲಿ ಬಹಳ ಕಾಲ ತೇಲಿಕೊಂಡೇ ಬೆಳೆಯುತ್ತವೆ. ಹವಳದಂತೆ ತುಂಡು ಮಾಡಿ ಬೆಳೆಸಲೂ ಬರುವುದಿಲ್ಲ. ಹಾಗಾಗಿ ಮಾರಾಟಕ್ಕೆ ಬರುವವು ಕಡಲಿನಿಂದ ಕಿತ್ತು ತಂದವು. ತಂದ ಮೇಲೆ ಬಾಳಿಸಲೇಬೇಕು ಎಂಬ ಹೊಣೆ ಇದರಿಂದಲೇ ಬರುತ್ತದೆ, ಸಿದ್ಧತೆ ಮುಗಿಯದೆ ಕೊಳ್ಳಬಾರದು.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಕೊಳವೆ ಜೊತೆಗಿದೆಯೇ? ಮೈ ತುಂಬಿಕೊಂಡಿದೆಯೇ, ಇಲ್ಲವೇ ಸುಕ್ಕಾಗಿದೆಯೇ? ಎಳೆಯ ಹತ್ತಿರ ಕಡ್ಡಿ ತಂದಾಗ ಸರಕ್ಕನೆ ಕುಗ್ಗುತ್ತದೆಯೇ? ಬಾಯಿ ಮುಚ್ಚಿದೆಯೇ? ಬಾಯಿಂದ ಬಿಳಿಯ ದಾರದಂಥದ್ದು ಹೊರಬಂದು ನೇತಾಡುತ್ತಿದ್ದರೆ, ಮೊನಚು ಬುಡದಲ್ಲಿ ಹರಿದ ಗಾಯವಿದ್ದರೆ ಬೇಡ. ಬರಿಮೈಯ ಪ್ರಾಣಿಯನ್ನು ತರಲೇಬಾರದೆಂದಿಲ್ಲ. ಗಾಯವಿಲ್ಲದಿದ್ದರೆ ಅದು ಹೊಸ ಕೊಳವೆ ಹೆಣೆದುಕೊಳ್ಳುತ್ತದೆ. ಆದರೆ ಆ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ, ಅಷ್ಟು ದಿನ ಅದಕ್ಕೆ ರಕ್ಷಣೆಯೂ ಇರುವುದಿಲ್ಲ.

ಮನೆಗೆ ಬಂದ ಮೇಲೆ ಒಗ್ಗಿಸುವ ಕ್ರಮ ಪ್ರಯಾಣದ ಹೊತ್ತನ್ನು ಅವಲಂಬಿಸುತ್ತದೆ. ಒಂದೆರಡು ಗಂಟೆಯ ದಾರಿಯಾದರೆ ಚೀಲವನ್ನು 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಬಕೆಟಿಗೆ ಬಗ್ಗಿಸಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ ಟ್ಯಾಂಕಿನ ನೀರು ಬಿಟ್ಟು, ನೀರು ಎರಡರಷ್ಟಾಗುವವರೆಗೆ ಕಾಯಿರಿ. ಸುಮಾರು ಒಂದು ಗಂಟೆ ಬೇಕು. ಒಂದು ದಿನಕ್ಕೂ ಹೆಚ್ಚು ಚೀಲದಲ್ಲಿದ್ದು ಬಂದಿದ್ದರೆ ಹೀಗೆ ಮಾಡಬಾರದು. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದಾಗಿ ಅಮೋನಿಯಾ ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಚೀಲ ತೆರೆದು ಗಾಳಿಯಾಡಿ ಪಿಎಚ್ ಏರಿದ ಕೂಡಲೇ ಅದೇ ಅಮೋನಿಯಾ ವಿಷವಾಗುತ್ತದೆ. ಆಗ ಉಷ್ಣತೆ ಹೊಂದಿಸಿ, ಉಪ್ಪಿನಂಶ ಅಳೆದು, ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ತಡಮಾಡದೆ ವರ್ಗಾಯಿಸಿ. ಯಾವ ಸಂದರ್ಭದಲ್ಲೂ ಚೀಲದ ನೀರು ಟ್ಯಾಂಕಿಗೆ ಬೀಳಬಾರದು.

ಕೈಗೆ ಉದ್ದ ಕೈಗವಸು ಹಾಕಿಕೊಳ್ಳಿ. ಕುಟುಕು ಕೆಲವರ ಚರ್ಮಕ್ಕೆ ಉರಿ ತರಿಸುತ್ತದೆ. ಎಲ್ಲ ಪಂಪುಗಳನ್ನೂ ನಿಲ್ಲಿಸಿ. ಪೈಪಿನೊಳಗಿನ ಮರಳಿನಲ್ಲಿ ಬೆರಳಿನಿಂದ ಒಂದು ಗುಳಿ ಮಾಡಿ, ಪ್ರಾಣಿಯನ್ನು ಕೊಳವೆಯ ಸಮೇತ ಕೆಳಗಿನಿಂದ ಆನಿಸಿ ಹಿಡಿದು, ಮೊನಚು ತುದಿ ಮೊದಲು ಹೋಗುವಂತೆ ಇಳಿಸಿ. ಎಳೆಗಳನ್ನು ಹಿಡಿದು ಎತ್ತಬೇಡಿ, ಕೊಳವೆಯನ್ನು ಹಿಂಡಬೇಡಿ, ಒಳಗೆ ಇದೆಯೋ ಇಲ್ಲವೋ ಎಂದು ಬಿಡಿಸಿ ನೋಡಬೇಡಿ. ಸುತ್ತ ಮರಳು ತುಂಬಿ, ಅರ್ಧ ಗಂಟೆಯ ಬಳಿಕ ಮೊದಲು ನಿಧಾನದ ಪಂಪ್, ಆಮೇಲೆ ಉಳಿದವು. ಆ ದಿನ ದೀಪ ಬೇಡ. ಬರಿಮೈಯ ಪ್ರಾಣಿ ಮೊದಲ ದಿನಗಳಲ್ಲಿ ರಾಶಿ ಲೋಳೆ ಬಿಡುತ್ತದೆ, ಮರಳು ಮೆತ್ತಿಕೊಂಡು ಕೊಳಕಾಗಿ ಕಾಣುತ್ತದೆ. ಕಟ್ಟಡದ ಕೆಲಸ ನಡೆಯುತ್ತಿದೆ ಎಂದರ್ಥ. ಅದನ್ನು ಶುಚಿ ಮಾಡಲು ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಜೊತೆಗಾರ ಮೀನುಗಳು

ಅಂಗಡಿಯ ಪಟ್ಟಿಗಳಲ್ಲಿ ಮೀನಿನ ಗಾತ್ರ, ಸ್ವಭಾವ ಬರೆದಿರುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ರಾತ್ರಿ ಎಲ್ಲಿ ಮಲಗುತ್ತದೆ?

ಬಂಡೆಯ ಸಂದಿಯಲ್ಲಿ ಮಲಗಿ, ಹಗಲು ನಡುನೀರಿನಲ್ಲಿ ಈಜುವ ಮೀನುಗಳು ಸರಿಯಾದ ಜೊತೆ. ಕ್ರೋಮಿಸ್, ಆಂಥಿಯಸ್, ಗಟ್ಟಿಮುಟ್ಟಾದ ಡ್ಯಾಮ್ಸೆಲ್‌ಗಳು ಈ ಸಾಲಿನವು. ಟ್ಯಾಂಗ್‌ಗಳೂ ಸರಿ, ಆದರೆ ಅವಕ್ಕೆ 200 ಲೀಟರ್ ಸಾಲದು. ಫೇರಿ ರಾಸ್‌ಗಳು ಬಂಡೆಗಳ ನಡುವೆ ಲೋಳೆಯ ಪೊರೆ ಹೊದ್ದು ಮಲಗುತ್ತವೆ, ಅವೂ ಆದೀತು. ಅದೇ ರಾಸ್ ಕುಟುಂಬದ ಹ್ಯಾಲಿಕೋರಿಸ್ ಮತ್ತು ಲೆಪರ್ಡ್ ರಾಸ್‌ಗಳು ಮರಳೊಳಗೆ ಹೂತು ಮಲಗುತ್ತವೆ. ಹಗಲು ನೋಡಿದರೆ ಎರಡೂ ಬಗೆ ಒಂದೇ ಚುರುಕಿನವು. ಸಂಜೆ ಮಾತ್ರ ಒಂದು ಬಗೆ ಬಂಡೆಗೆ, ಇನ್ನೊಂದು ಅನಿಮೋನಿಯ ಬಯಲಿಗೆ ಹೋಗುತ್ತದೆ.

ತಳದಲ್ಲೇ ಬಾಳುವ ಗೋಬಿ, ಬ್ಲೆನ್ನಿ, ಜಾಫಿಶ್, ಮ್ಯಾಂಡರಿನ್‌ಗಳನ್ನು ಇದರ ಜೊತೆ ಹಾಕಬಾರದು. ಇವು ಕುಪ್ಪಳಿಸಿ, ತೆವಳಿ ಓಡಾಡುವ ಮಟ್ಟದಲ್ಲೇ ಎಳೆಗಳು ಹರಡಿರುತ್ತವೆ. ಕಡಲಕುದುರೆಗಂತೂ ಬಾಲ ಸುತ್ತಿಕೊಳ್ಳಲು ಆಸರೆ ಬೇಕು, ಅದು ಸುತ್ತಿಕೊಳ್ಳುವುದು ಕೊಳವೆಗೋ ಎಳೆಗೋ. ಮರಳು ಜಾಲಾಡುವ ಗೋಬಿಗಳು ಇನ್ನೊಂದು ಬಗೆಯಲ್ಲಿ ಕೆಡಕು: ಕೊಳವೆಯ ಬುಡದ ಮರಳನ್ನೇ ಅಗೆದು ಬಯಲು ಮಾಡುತ್ತವೆ.

ಕ್ಲೌನ್‌ಫಿಶ್ ವಿಷಯ ಬೇರೆಯಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಅನಿಮೋನಿ ಕೊಳ್ಳುವುದೇ ಅದಕ್ಕಾಗಿ. ಕಡಲಲ್ಲಿ ಕ್ಲೌನ್‌ಫಿಶ್‌ಗಳಿಗೆ ಮನೆಯಾಗುವುದು ಹತ್ತೇ ಜಾತಿಯ ಅನಿಮೋನಿಗಳು. ಹತ್ತೂ ಆಕ್ಟಿನಿಯಾರಿಯಾ ಗುಂಪಿನವು, ಕೊಳವೆ ಅನಿಮೋನಿ ಅದರಲ್ಲಿಲ್ಲ. ಆ ಜಾತಿಗಳ ಕುಟುಕಿನಿಂದ ಕ್ಲೌನ್‌ಫಿಶ್‌ಗೆ ಇರುವ ರಕ್ಷಣೆ ಇಲ್ಲಿ ನೆರವಿಗೆ ಬರುತ್ತದೆಂದು ನಂಬುವ ಹಾಗಿಲ್ಲ. ಬೇರೆ ಆಸರೆ ಕಾಣದ ಕ್ಲೌನ್‌ಫಿಶ್ ಎಳೆಗಳಿಗೆ ಮೈಯುಜ್ಜಲು ಹೋಗಿ ಸುಟ್ಟುಕೊಳ್ಳುತ್ತದೆ. ಹಟ ಬಿಡದಿದ್ದರೆ ಅದರ ಕಾಟಕ್ಕೆ ಅನಿಮೋನಿ ಕೊಳವೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸುತ್ತದೆ. ಕ್ಲೌನ್‌ಫಿಶ್ ಅನಿಮೋನಿಯಲ್ಲಿ ಆಡುವುದನ್ನು ನೋಡಬೇಕೆಂದರೆ ಬಬಲ್ ಟಿಪ್ ಅನಿಮೋನಿ ತನ್ನಿ, ಬೇರೆ ಟ್ಯಾಂಕಿಗೆ.

ಎದುರು ದಿಕ್ಕಿನ ಅಪಾಯವೂ ಇದೆ. ಬಟರ್‌ಫ್ಲೈ ಮೀನು, ದೊಡ್ಡ ಏಂಜೆಲ್ ಮೀನು, ಟ್ರಿಗರ್, ಪಫರ್ ಇವೆಲ್ಲ ಎಳೆಗಳನ್ನು ಕಚ್ಚಿ ತಿನ್ನುತ್ತವೆ. ಪೆಪ್ಪರ್‌ಮಿಂಟ್ ಸೀಗಡಿ, ಸನ್ಯಾಸಿ ಏಡಿಗಳು ಅನಿಮೋನಿಯ ಬಾಯಿಂದಲೇ ತುತ್ತು ಕಸಿಯುತ್ತವೆ. ಕಸಿಯುವಾಗ ಎಳೆಯನ್ನೂ ಹರಿಯುತ್ತವೆ.

ಅನಿಮೋನಿ ಮೀನು ತಿಂದಿತು ಎಂಬ ದೂರುಗಳಲ್ಲಿ ಒಂದು ಪಾಲು ತಪ್ಪು ತೀರ್ಮಾನ. ಆರೋಗ್ಯವಂತ ಮೀನಿಗೆ ಒಮ್ಮೆ ಎಳೆ ತಾಗಿದರೆ ಹೆಚ್ಚಾಗಿ ಕೊಸರಿಕೊಂಡು ಹೋಗುತ್ತದೆ, ಮತ್ತೆ ಅತ್ತ ಸುಳಿಯುವುದಿಲ್ಲ. ರೋಗದಿಂದ ಬಸವಳಿದ ಮೀನು ಮಾತ್ರ ಸೆಳೆತಕ್ಕೆ ಸಿಕ್ಕಿ ತೇಲಿಬಂದು ಎಳೆಗಳಲ್ಲಿ ಕೊನೆಯಾಗುತ್ತದೆ. ಆದ್ದರಿಂದ ಮೀನು ಹೀಗೆ ಹೋದಾಗ ಉಳಿದವುಗಳ ಉಸಿರಾಟ, ಮೈಮೇಲಿನ ಚುಕ್ಕೆ, ನೀರಿನ ಅಮೋನಿಯಾ ಮೊದಲು ನೋಡಿ.

ಇನ್ನೊಂದು ಕಾರಣ ದೀಪ. ಕಗ್ಗತ್ತಲಲ್ಲಿ ಒಮ್ಮೆಲೇ ಕೋಣೆಯ ದೀಪ ಬೆಳಗಿದರೆ ಅಥವಾ ಟ್ಯಾಂಕಿನ ದೀಪ ಒಮ್ಮೆಲೇ ಆರಿದರೆ ಮೀನುಗಳು ಗಾಬರಿಯಿಂದ ದಿಕ್ಕಾಪಾಲಾಗುತ್ತವೆ. ಮೀನು ಎಳೆಗಳಿಗೆ ನುಗ್ಗುವುದು ಬಹುಪಾಲು ಇಂಥ ಗಳಿಗೆಯಲ್ಲೇ. ದೀಪ ಅರ್ಧದಿಂದ ಒಂದು ಗಂಟೆಯಷ್ಟು ಹೊತ್ತು ನಿಧಾನವಾಗಿ ಇಳಿಯುವಂತೆ ಹೊಂದಿಸಿ, ಆಮೇಲೂ ಮಸುಕಾದ ನೀಲಿ ಬೆಳಕು ಉಳಿಯಲಿ.

ಊಟ

ವಾರಕ್ಕೆ ಮೂರು ಸಲ, ಸಂಜೆ ಬೆಳಕು ಇಳಿದ ಮೇಲೆ. ಮೈಸಿಸ್, ದೊಡ್ಡ ಆರ್ಟೀಮಿಯಾ (ಎರಡೂ ಸೀಗಡಿಯಂಥ ಸಣ್ಣ ಜೀವಿಗಳು), ಸಣ್ಣಗೆ ಕೊಚ್ಚಿದ ಸೀಗಡಿ ಅಥವಾ ಕಡಲಮೀನು. ಚೂರು 5ರಿಂದ 8 ಮಿ.ಮೀ. ಮೀರಬಾರದು. ದೊಡ್ಡ ತುಂಡು ಕೊಟ್ಟರೆ ನುಂಗುತ್ತದೆ, ಮರುದಿನ ಅರ್ಧ ಕೊಳೆತದ್ದನ್ನು ಉಗುಳುತ್ತದೆ. ಅದು ರಾತ್ರಿ ಎಲ್ಲೋ ಬಂಡೆಯ ಅಡಿಗೆ ಸೇರಿ ನೀರು ಕೆಡಿಸುತ್ತದೆ. ಒಂದು ಹೊತ್ತಿಗೆ ಕರಗಿಸಿ ಸೋಸಿದ ಮೈಸಿಸ್ ಒಂದು ಟೀ ಚಮಚದಿಂದ ಶುರು ಮಾಡಿ, ಪ್ರಾಣಿ ತೆಗೆದುಕೊಳ್ಳುವುದನ್ನು ನೋಡಿ ಏರಿಸಬಹುದು.

ಮೊದಲು ಮೀನುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಹೊಟ್ಟೆ ತುಂಬ ಹಾಕಿ. ಹಸಿದ ಮೀನು ಅನಿಮೋನಿಯ ಊಟಕ್ಕೆ ಬಾಯಿ ಹಾಕುವಾಗಲೇ ಎಳೆಗಳಿಗೆ ಸಿಕ್ಕುವುದು. ಅನಂತರ ಪಂಪುಗಳನ್ನು ನಿಲ್ಲಿಸಿ, 40 ಸೆಂ.ಮೀ. ಉದ್ದದ ಗಟ್ಟಿ ಕೊಳವೆಗೆ ರಬ್ಬರ್ ಬಲ್ಬ್ ಸೇರಿಸಿದ ಪಿಪೆಟ್ಟಿನಿಂದ ಆಹಾರವನ್ನು ಹೊರಸುತ್ತಿನ ಎಳೆಗಳ ಮೇಲೆ ಮೆಲ್ಲಗೆ ಬಿಡಿ. ನೇರ ಬಾಯಿಗೆ ಊದಿದರೆ ಬೆಚ್ಚಿ ಒಳಗೆ ಹೋಗುತ್ತದೆ. ಎಳೆಗಳು ಒಂದೊಂದಾಗಿ ಬಾಗಿ ಒಳಸುತ್ತಿಗೆ ದಾಟಿಸಲು 10ರಿಂದ 20 ನಿಮಿಷ ಬೇಕು. ಉಳಿದದ್ದನ್ನು ಅದೇ ಪಿಪೆಟ್ಟಿನಿಂದ ಹೀರಿ ತೆಗೆಯಿರಿ. ಪಂಪುಗಳಿಗೆ ತಾವಾಗಿ ಮತ್ತೆ ಶುರುವಾಗುವ ಟೈಮರ್ ಹಾಕಿಡುವುದು ಒಳ್ಳೆಯದು. ನಿಲ್ಲಿಸಿ ಮರೆತ ಪಂಪಿನಿಂದ ರಾತ್ರೋರಾತ್ರಿ ಆಮ್ಲಜನಕ ಇಲ್ಲದೆ ಟ್ಯಾಂಕಿನ ಜೀವಿಗಳೆಲ್ಲ ಸಾಯಬಹುದು.

ಹೊಸದಾಗಿ ಬಂದದ್ದು ಕೆಲವು ದಿನ ತಿನ್ನದಿರಬಹುದು. ಆಹಾರ ಕರಗಿಸಿದ ನೀರನ್ನು ಒಂದಿಷ್ಟು ಹತ್ತಿರ ಬಿಟ್ಟು ಐದು ನಿಮಿಷ ಕಾದರೆ, ವಾಸನೆಗೆ ಎಳೆಗಳು ಅರಳುತ್ತವೆ.

ಹಸಿವು ಇಲ್ಲಿ ಬಹಳ ನಿಧಾನವಾಗಿ ಕೊಲ್ಲುತ್ತದೆ, ಅದೇ ಮೋಸ. ವಾರಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಎಳೆಗಳ ಉದ್ದ, ಬಾಯಿಯ ತಟ್ಟೆಯ ಅಗಲ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಹೋಗುತ್ತದೆ. ದಿನವೂ ನೋಡುವ ಕಣ್ಣಿಗೆ ಅದು ಕಾಣದು. ತಿಂಗಳಿಗೊಮ್ಮೆ ಅದೇ ಜಾಗದಿಂದ, ಪೂರ್ತಿ ಅರಳಿದಾಗ, ಪೈಪಿನ ಬಾಯಿಯೂ ಚಿತ್ರದಲ್ಲಿ ಬರುವಂತೆ ಒಂದು ಫೋಟೋ ತೆಗೆದಿಡಿ. ಪೈಪಿನ ವ್ಯಾಸ ಗೊತ್ತಿರುವುದರಿಂದ ಅದೇ ಅಳತೆಗೋಲು. ಎರಡು ತಿಂಗಳ ಚಿತ್ರಗಳಲ್ಲಿ ಕುಗ್ಗಿದ್ದು ಕಂಡರೆ ಊಟವನ್ನು ವಾರಕ್ಕೆ ನಾಲ್ಕೈದು ಸಲಕ್ಕೆ ಏರಿಸಿ, ನೈಟ್ರೇಟ್ ಮೇಲೆ ಕಣ್ಣಿಡಿ.

ಕೆಟ್ಟಾಗ ಕಾಣುವ ಗುರುತುಗಳು

ಒಂದೆರಡು ದಿನ ಕೊಳವೆಯೊಳಗೇ ಉಳಿದರೆ ಗಾಬರಿ ಬೇಡ. ಹೊಟ್ಟೆ ತುಂಬಿದಾಗ, ನೀರು ಬದಲಿಸಿದಾಗ ಹಾಗಾಗುತ್ತದೆ. ಕೊಳವೆಯ ಮೇಲುತುದಿಯಲ್ಲಿ ಪಾಚಿ, ಕೊಳೆ ಸೇರುವುದು, ಹಳೆಯ ಪದರ ಕಳಚುವುದು ಸಹಜ, ಉಜ್ಜಬೇಡಿ. ಕೊಳವೆಯನ್ನು ಪೂರ್ತಿ ಬಿಟ್ಟು ಹೊರಬಂದಿದ್ದರೆ ಕಾರಣ ಹುಡುಕಬೇಕು: ಆಳ ಸಾಲದೇ, ಪೈಪಿನೊಳಗೆ ಮರಳು ಕೊಳೆತಿದೆಯೇ, ಸೆಳೆತ ಜೋರೇ, ಯಾವುದಾದರೂ ಮೀನೋ ಏಡಿಯೋ ಕಚ್ಚುತ್ತಿದೆಯೇ, ಉಪ್ಪಿನಂಶ ಏರಿದೆಯೇ. ಸಾಮಾನ್ಯವಾಗಿ ಆಳ ಅಥವಾ ಕಾಟ. ಕಾರಣ ಸರಿಪಡಿಸದೆ ಮತ್ತೆ ತುರುಕಿದರೆ ಮತ್ತೆ ಹೊರಬರುತ್ತದೆ, ಪ್ರತಿ ಸಲವೂ ಬಡವಾಗುತ್ತದೆ.

ಮುಟ್ಟಿದರೂ ಕುಗ್ಗದೆ ಜೋತುಬಿದ್ದ ಎಳೆಗಳು, ಬಾಯಿ ಅಗಲವಾಗಿ ತೆರೆದು ಒಳಗಿನ ದಾರಗಳು ಹೊರಚೆಲ್ಲಿರುವುದು, ಮೈ ಕರಗಿದಂತೆ ಲೋಳೆಯಾಗುವುದು, ದುರ್ವಾಸನೆ, ಇವು ಕಂಡರೆ ಕಾಯಬೇಡಿ. ಇಷ್ಟು ಮಾಂಸ ಒಂದೇ ರಾತ್ರಿಯಲ್ಲಿ ಕೊಳೆತರೆ ಅಮೋನಿಯಾ ಏರಿ ಮೀನುಗಳೂ ಹೋಗುತ್ತವೆ. ಪೈಪಿನ ಸಮೇತ ಹೊರತೆಗೆದು, ಸಾಕಷ್ಟು ನೀರು ಹಿಡಿಯುವ ಬಕೆಟಿನಲ್ಲಿ ಗಾಳಿಯ ಕಲ್ಲು (ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವಂಥದ್ದು) ಹಾಕಿ ಬೇರೆ ಇಡಿ. ಬದುಕುವುದಿದ್ದರೆ ಅಲ್ಲಿಯೇ ಚೇತರಿಸಿಕೊಳ್ಳುತ್ತದೆ. ಮುಖ್ಯ ಟ್ಯಾಂಕಿನಲ್ಲಿ ಅದೇ ದಿನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಸ್ಕಿಮ್ಮರ್ ಬಟ್ಟಲನ್ನು ಖಾಲಿ ಮಾಡಿ. ಅಮೋನಿಯಾವನ್ನು ಮುಂದಿನ ಮೂರು ದಿನ ಬೆಳಿಗ್ಗೆ ಸಂಜೆ ಅಳೆಯಿರಿ. ಸೊನ್ನೆಗೆ ಬರುವವರೆಗೆ ಮೀನುಗಳಿಗೆ ಊಟ ಅರ್ಧಕ್ಕಿಳಿಸಿ.